ಸೋಮವಾರದ ತೂಕ

ಎಪ್ಪತ್ತೊಂಬತ್ತನೆಯ ಇಸವಿಯ ಮೇ ತಿಂಗಳು. ನನ್ನ ಹೆಂಡತಿ ಗುರುಬಸಮ್ಮ ಮೂರನೆಯ ಹೆರಿಗೆಗೆಂದು ಇಟ್ಟಿಗಿಯ ತವರುಮನೆಗೆ ಹೊರಟಿದ್ದಳು. ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಒಂದೇ ಮಾತು ಹೇಳಿದಳು.

"ಮಕ್ಕಳ್ನ ಬೆಂಗಳೂರಿಗೆ ಕರ್ಕೊಂಡು ಹೊಂಟೀರಿ, ಹೋಗ್ರಿ. ಸಣ್ಣಾಕಿನ್ನ ಮಾವಾರ ಕೈಗೆ ಕೊಟ್ಟು ನೀವು ಆಕಾಶ ನೋಡ್ಕೊಂತ ನಿಂದರಬ್ಯಾಡ್ರಿ."

"ನನಗ ಬುದ್ಧಿ ಹೇಳಾಕ ಬರಬ್ಯಾಡ," ಎಂದು ರೇಗಿದೆ. ಮೊದಲಿನಿಂದಲೂ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎದುರಿನವರು ಆಡಿದ್ದು ನಿಜವಾಗಿದ್ದರಂತೂ ಇನ್ನೂ ಬೇಗ ಬರುತ್ತದೆ.

ಆಕೆ ಆಡಿದ್ದು ನಿಜವೇ ಆಗಿತ್ತು. ನಮ್ಮ ಮನೆತನದಲ್ಲಿ ಒಂದು ರೂಢಿ. ಹಿರಿಯರ ಎದುರಿಗೆ ಗಂಡಸು ತನ್ನ ಮಕ್ಕಳನ್ನು ಎತ್ತಿಕೊಳ್ಳಬಾರದು. ಎತ್ತುವುದಿರಲಿ, ಕೈ ಹಿಡಿದು ನಡೆಸಬಾರದು, ಮುದ್ದಿನ ಮಾತಾಡಬಾರದು. ಅಣ್ಣನ ಮಗನನ್ನು, ತಮ್ಮನ ಮಗಳನ್ನು ಬೇಕಾದರೆ ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗು, ಯಾರೂ ಏನೂ ಅನ್ನುವುದಿಲ್ಲ. ತನ್ನದನ್ನು ಮುಟ್ಟಿದರೆ ಮಾತ್ರ ಲಜ್ಜೆಗೆಟ್ಟವನು. ನನ್ನ ಅಪ್ಪ ನಾಗಪ್ಪ ನನ್ನನ್ನು ಎತ್ತಿದವನಲ್ಲ, ಅವನನ್ನು ಅವನಪ್ಪ ಎತ್ತಿದವನಲ್ಲ. ಹೀಗೆಂದು ಯಾರೂ ನನ್ನನ್ನು ಕೂರಿಸಿ ಹೇಳಿಕೊಟ್ಟದ್ದಿಲ್ಲ. ಹಿರಿಯ ಮಗಳು ಹಾಲಮ್ಮ ಹುಟ್ಟಿದಾಗ, ಅಪ್ಪ ಪಡಸಾಲೆಗೆ ಬಂದ ಕೂಡಲೇ ನನ್ನ ಕೈ ತಾನೇ ಹಿಂದಕ್ಕೆ ಸರಿದಿತ್ತು, ಅಷ್ಟೇ.

ಸಣ್ಣವಳು ಕೊಟ್ರಬಸಮ್ಮ, ನಾವು ಕರೆಯುವುದು ಕೊಟ್ರಿ. ಆಗ ಅವಳಿಗೆ ನಾಲ್ಕು ವರ್ಷ. ಅವಳ ವಿಷಯದಲ್ಲಿ ನಾನು ಕಳ್ಳನಾದೆ. ನಮ್ಮದು ಶೇಂಗಾ ದಲ್ಲಾಳಿ ಅಂಗಡಿ, ಮನೆಗೆ ಅಂಟಿಕೊಂಡೇ ಇದೆ. ಸೋಮವಾರ ಬೆಳಿಗ್ಗೆ ಅಪ್ಪ ಸ್ವಾಮಿಯ ಗುಡಿಗೆ ಹೋಗುತ್ತಾನೆ, ತಿರುಗಿ ಬರಲು ಒಂದು ತಾಸು. ಆ ಹೊತ್ತಿಗೆ ಸರಿಯಾಗಿ ಕೊಟ್ರಿ ಹಿತ್ತಲ ಬಾಗಿಲಿನಿಂದ ಗೋದಾಮಿಗೆ ಬಂದು ಚೀಲಗಳ ಹಿಂದೆ ಕೂತುಕೊಂಡು ಪಿಸುಮಾತಿನಲ್ಲಿ ಕೇಳುತ್ತಿದ್ದಳು.

"ತಾತ ಹೋಗ್ಯಾನೇನು?"

"ಹೋಗ್ಯಾನ, ಬಾ."

ಆಗ ನಾನು ಅವಳನ್ನು ಎತ್ತಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಿದ್ದೆ. ಹಮಾಲರು ಯಾರಾದರೂ ಕಂಡರೂ ಮಗಳನ್ನು ಮುದ್ದಿಸುತ್ತಾನೆ ಅನ್ನುವ ಹಾಗಿಲ್ಲ, ತೂಕ ಮಾಡುತ್ತಾನೆ ಅಷ್ಟೇ. ಅಲುಗಾಡಿದರೆ ತೂಕ ತಪ್ಪುತ್ತದೆ ಎಂದು ಹೇಳಿದ್ದೆ. ಅದಕ್ಕೆ ಅವಳು ಎರಡೂ ಕೈ ತೊಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಲ್ಲುವಳು. ನಾನು ಕಾಟಾದ ಪಟ್ಟಿಯ ಮೇಲೆ ತೂಕದ ಗುಂಡು ಸರಿಸುವೆ. "ಎಷ್ಟು ಚೀಲ ಆದೆ ನಾನು?" ಎಂದು ಕೇಳುವಳು. "ಅರ್ಧ ಚೀಲನೂ ಇಲ್ಲ, ಹೋಗ," ಅನ್ನುವೆ. ಇಳಿಸುವಾಗ ಒಂದು ಗಳಿಗೆ ಎದೆಗೆ ಅವಚಿಕೊಳ್ಳುವೆ. ವಾರಕ್ಕೆ ನನ್ನ ಪಾಲಿಗೆ ಬರುತ್ತಿದ್ದದ್ದು ಅಷ್ಟು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, "ತಾತನ ಮುಂದ ನನ್ನ ಕಡೆ ಬರಬಾರದು, ಹೇಳಬಾರದು," ಅನ್ನುವೆ. ಅವಳೂ ಬೆರಳಿಟ್ಟುಕೊಂಡು ತಲೆಯಾಡಿಸಿ ಓಡುವಳು. ಪಾಠ ಚೆನ್ನಾಗಿ ಕಲಿತಿದ್ದಳು.

ಬೆಂಗಳೂರು ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟವನು ಅಪ್ಪನೇ. ದಾವಣಗೆರೆಗೆ ಬಸ್ಸು, ಅಲ್ಲಿಂದ ರೈಲು. ಅಪ್ಪ, ನಾನು, ಹಾಲಮ್ಮ, ಕೊಟ್ರಿ, ನಾಲ್ಕೇ ಜನ. ಬೆಂಗಳೂರಿನ ಸ್ಟೇಷನ್ನಿನಲ್ಲಿ ಇಳಿದು ಹೊರಗೆ ಬರುವಾಗ ಪುಸ್ತಕದ ಅಂಗಡಿಯ ಪಕ್ಕದಲ್ಲಿ ಒಂದು ತೂಕದ ಯಂತ್ರ ಕಂಡಿತು. ಬಣ್ಣಬಣ್ಣದ ದೀಪ, ತಿರುಗುವ ಚಕ್ರ, ಕಾಸು ಹಾಕಿದರೆ ತೂಕ ಬರೆದ ರಟ್ಟಿನ ಚೀಟಿ ಬೀಳುತ್ತದೆ. ಕೊಟ್ರಿ ತಾತನ ಕೈ ಹಿಡಿದುಕೊಂಡೇ ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ನನಗೆ ತಿಳಿಯಿತು. ಅಪ್ಪನ ಮುಖ ನೋಡಿ, "ನಡೀರಿ, ನಡೀರಿ," ಎಂದು ಎಲ್ಲರನ್ನೂ ಹೊರಗೆ ಸಾಗಿಸಿದೆ.

ಮೂರು ದಿನ ಛತ್ರದಲ್ಲಿದ್ದು ವಿಧಾನಸೌಧ, ಲಾಲ್‌ಬಾಗು ಎಲ್ಲ ನೋಡಿದೆವು. ಕಬ್ಬನ್ ಪಾರ್ಕಿನ ಪುಟಾಣಿ ರೈಲಿನಲ್ಲಿ ಅಪ್ಪ ಮೊಮ್ಮಕ್ಕಳನ್ನು ಎರಡು ಮಗ್ಗುಲಿಗೂ ಕೂರಿಸಿಕೊಂಡಿದ್ದ. ಹಿಂದಿನ ಡಬ್ಬಿಯಲ್ಲಿ ನಾನೊಬ್ಬನೇ ಮೊಣಕಾಲು ಮಡಚಿಕೊಂಡು, ಯಾರ ಮನೆಯ ಮದುವೆಗೋ ಕರೆಯದೆ ಬಂದವನಂತೆ ಕೂತಿದ್ದೆ. ಒಳಗೊಳಗೇ ಉರಿಯುತ್ತಿತ್ತು.

ನಾಲ್ಕನೆಯ ದಿನ, ಗುರುವಾರ, ಐದು ಗಂಟೆಯ ಗಾಡಿಗೆ ಊರಿಗೆ ಹೊರಟೆವು. ಮೂರೂಮುಕ್ಕಾಲಕ್ಕೆ ಸ್ಟೇಷನ್ನಿಗೆ ಬಂದೆವು. ರಜೆಯ ದಿನಗಳು, ಕಾಲಿಡಲು ಜಾಗವಿಲ್ಲ. ಹಾಲಮ್ಮ ನನ್ನ ಮುಂದೆ ನಡೆಯುತ್ತಿದ್ದಳು, ಕೊಟ್ರಿ ನನಗೂ ಅಪ್ಪನಿಗೂ ನಡುವೆ, ಅಪ್ಪನ ಕೈ ಹಿಡಿದುಕೊಂಡು. ಅಷ್ಟರಲ್ಲಿ ಟ್ರಂಕು ಹೊತ್ತ ಕೂಲಿಯವನೊಬ್ಬ ಅಪ್ಪನ ತಲೆಗೆ ತಾಗಿಸಿಕೊಂಡು ಹೋದ. ಅಪ್ಪನ ರುಮಾಲು ಬಿಚ್ಚಿ ಹೆಗಲ ಮೇಲೆ ಬಿತ್ತು.

ಅಪ್ಪ ಬರಿತಲೆಯಲ್ಲಿ ಹೊರಗೆ ಕಾಣಿಸಿಕೊಂಡದ್ದನ್ನು ನಾನು ನನ್ನ ಆಯುಷ್ಯದಲ್ಲಿ ನೋಡಿರಲಿಲ್ಲ. ಕೊಟ್ರಿಯ ಕೈ ಬಿಟ್ಟ. ಎರಡೂ ಕೈಯಿಂದ ರುಮಾಲು ಸುತ್ತಿಕೊಳ್ಳತೊಡಗಿದ. ನನ್ನ ಎಡಗೈಯಲ್ಲಿ ಚೀಲವಿತ್ತು. ಬಲಗೈ ಖಾಲಿ ಇತ್ತು. ಕೊಟ್ರಿ ನನ್ನಿಂದ ಒಂದು ಮೊಳ ದೂರದಲ್ಲಿದ್ದಳು, ಅವಳ ಕೈ ಗಾಳಿಯಲ್ಲಿತ್ತು. ಹಿಡಿಯಬೇಕು ಅನ್ನಿಸಿತು. ಅಪ್ಪನ ಎದುರಿಗೆ ಹೇಗೆ ಅನ್ನಿಸಿತು. ಸುತ್ತು ಮುಗಿದ ಮೇಲೆ ಅವನೇ ಹಿಡಿಯುತ್ತಾನಲ್ಲ ಎಂದುಕೊಂಡು ನಿಜವಾಗಿಯೂ ಮೇಲೆ ನೋಡುತ್ತ ನಿಂತೆ, ಗಡಿಯಾರ ನೋಡುವವನ ಹಾಗೆ.

ಅಪ್ಪ ರುಮಾಲಿನ ತುದಿ ಸಿಕ್ಕಿಸಿಕೊಂಡು ಕೈ ಕೆಳಗೆ ಚಾಚಿದ. "ಕೊಟ್ರಿ ಎಲ್ಲೋ?" ಅಂದ.

ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಕಾಲುಗಳು, ಟ್ರಂಕುಗಳು, ಸೀರೆಗಳು. ಅವಳ ಹಳದಿ ಫ್ರಾಕು ಎಲ್ಲೂ ಇಲ್ಲ. ಹೆಸರು ಹಿಡಿದು ಕೂಗಿದೆ. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಟಿಕೆಟು ಕೊಡುವ ಕಡೆ ಓಡಿದೆ, ನಲ್ಲಿಯ ಕಡೆ ಓಡಿದೆ, ಹೆಂಗಸರು ಕೂರುವ ಕೋಣೆಯ ಬಾಗಿಲಲ್ಲಿ ನಿಂತು ಬೈಸಿಕೊಂಡೆ. ಕಾಲು ಗಂಟೆ ಹೋಯಿತು. ತಿರುಗಿ ಬಂದಾಗ ಅಪ್ಪ ಅದೇ ಜಾಗದಲ್ಲಿ ಹಾಲಮ್ಮನನ್ನು ಹಿಡಿದುಕೊಂಡು ನಿಂತಿದ್ದ.

"ಕೈ ಯಾಕ ಬಿಟ್ಟಿ?" ಎಂದೆ. ಅಪ್ಪನ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. "ರುಮಾಲು ಹೆಚ್ಚಾತೇನು ನಿನಗ?"

ಅಪ್ಪ ನನ್ನನ್ನು ನೋಡಿದ. "ನೀ ಮಗ್ಗಲಿಗೇ ಇದ್ದೆಲ್ಲೋ," ಅಂದ. ಅಷ್ಟೇ ಅಂದ.

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಪ್ಪನೇ ಮುಂದಿನ ಮಾತು ಹೇಳಿದ. ಅವನು ಹಾಲಮ್ಮನ ಜೊತೆಗೆ ಹೊರಗೆ ಬಸ್ ಸ್ಟ್ಯಾಂಡಿನ ಕಡೆ ಹುಡುಕುವುದು, ನಾನು ಒಳಗೆ. ಸಿಗಲಿ ಬಿಡಲಿ ಐದು ಹೊಡೆಯುವುದರೊಳಗೆ ಈ ಗಡಿಯಾರದ ಕೆಳಗೆ ಬರುವುದು.

ಅವರು ಹೋದ ಮೇಲೆ ನಾನು ಒಳಗಿನ ಕಡೆ ತಿರುಗಿದೆ. ಗುರುಬಸಮ್ಮನಿಗೆ ಯಾವ ಮುಖ ತೋರಿಸಲಿ. ತುಂಬಿದ ಬಸುರಿ. ಏನೆಂದು ಹೇಳಲಿ, ಆಕಾಶ ನೋಡುತ್ತಿದ್ದೆ ಎಂದೇ? ನಾಲ್ಕು ವರ್ಷದ ಕೂಸು ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಯೋಚಿಸಲು ನೋಡಿದೆ. ಆಗ ತಟ್ಟನೆ ನೆನಪಾಯಿತು. ತೂಕದ ಯಂತ್ರ.

ಜನರನ್ನು ಮೊಣಕೈಯಿಂದ ನೂಕಿಕೊಂಡು ಓಡಿದೆ. ಯಂತ್ರದ ಮೇಲೆ ಯಾರೂ ಇರಲಿಲ್ಲ. ದೀಪಗಳು ಮಾತ್ರ ಹೊತ್ತಿ ಆರುತ್ತಿದ್ದವು. ಪುಸ್ತಕದ ಅಂಗಡಿಯವನನ್ನು ಕೇಳಿದೆ.

"ಹಳದಿ ಫ್ರಾಕಿನ ಮಗುನಾ? ಇದರ ಮೇಲೆ ಕಣ್ಮುಚ್ಚಿಕೊಂಡು ನಿಂತಿತ್ತು. ಯಾರೂ ಬರಲಿಲ್ಲ ಅಂತ ಆಮೇಲೆ ಅಳೋಕೆ ಶುರು ಮಾಡ್ತು. ಪೊಲೀಸಿನವರು ಕರ್ಕೊಂಡು ಹೋದ್ರು, ಆ ಕೊನೇ ಕೋಣೆ," ಅಂದ.

ನಾನು ಬಂದು ತೂಗಲಿ ಎಂದು ಅವಳು ಅಲ್ಲಿ ಕಾದಿದ್ದಳು. ನಾನು ನಲ್ಲಿಯ ಹತ್ತಿರ ಹುಡುಕುತ್ತಿದ್ದೆ.

ಕೊನೆಯ ಕೋಣೆಯಲ್ಲಿ ಬೆಂಚಿನ ಮೇಲೆ ಕೊಟ್ರಿ ಕೂತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕೈಯಲ್ಲಿ ಯಾರೋ ಕೊಟ್ಟ ಬನ್ನು, ಕಚ್ಚಿರಲಿಲ್ಲ. ಮೇಜಿನ ಹಿಂದೆ ಬಿಳಿ ಮೀಸೆಯ ದಫೇದಾರ. ಜೀವ ಬಂದಂತಾಯಿತು. "ನನ್ನ ಮಗಳ್ರಿ," ಎಂದು ಒಳಗೆ ನುಗ್ಗಿದೆ.

ಕೊಟ್ರಿ ನನ್ನನ್ನು ನೋಡಿದಳು. ನೋಡಿ, ತಲೆ ತಗ್ಗಿಸಿದಳು. ಬೆಂಚಿನಿಂದ ಏಳಲಿಲ್ಲ.

"ಬಾರವ್ವ," ಎಂದೆ. ಬರಲಿಲ್ಲ. ದಫೇದಾರನ ಮೀಸೆಯನ್ನೊಮ್ಮೆ ಓರೆಗಣ್ಣಿನಲ್ಲಿ ನೋಡಿ, ಬನ್ನು ಹಿಡಿದ ಕೈಯ ಒಂದು ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಳು. ಹಿರಿಯರೊಬ್ಬರು ಎದುರಿಗಿದ್ದಾರೆ, ನಾನು ಹೇಳಿಕೊಟ್ಟದ್ದನ್ನು ಅವಳು ಮಾಡುತ್ತಿದ್ದಳು.

"ನೋಡಿ ಯಜಮಾನ್ರೇ," ಅಂದ ದಫೇದಾರ, "ಅಪ್ಪನ್ನ ಕಂಡ ಮಗು ಹಿಂಗೆ ಕೂತ್ಕೊಳಲ್ಲ. ಮೊನ್ನೆ ಒಬ್ಬ ಬಂದಿದ್ದ, ಬಿಸ್ಕತ್ತಿನ ಪೊಟ್ಟಣ ಹಿಡ್ಕೊಂಡು. ಅವನೂ ನನ್ನ ಮಗಳು ಅಂತಲೇ ಅಂದ. ಪಾಪು, ಇವರು ಯಾರು ನಿಂಗೆ?"

ಕೊಟ್ರಿ ತುಟಿಯ ಮೇಲಿನ ಬೆರಳು ತೆಗೆಯಲಿಲ್ಲ.

"ನಾನು ಕೊಟ್ಟೂರಿನ ಶೇಂಗಾ ದಲ್ಲಾಳಿ ನಾಗಪ್ಪನ ಮಗ ಗುರುಸಂಗಪ್ಪ. ಊರಾಗ ಯಾರ್ನ ಕೇಳಿದ್ರೂ ಹೇಳ್ತಾರ."

"ಊರು ಇಲ್ಲಿಲ್ವಲ್ಲ. ಮಗುವಿನ ತಾಯಿ ಎಲ್ಲಿ?"

"ತವರುಮನ್ಯಾಗ, ಬಸುರಿ ಅದಾಳ. ನಮ್ಮಪ್ಪ ಬಂದಾನ. ಹುಡುಕಾಕ ಹೊರಗ ಹೋಗ್ಯಾನ, ಐದಕ್ಕ ಬರ್ತಾನ."

ದಫೇದಾರ ತಲೆಯಾಡಿಸಿದ. ಬಾಲಮಂದಿರದ ವ್ಯಾನು ನಾಲ್ಕೂವರೆಗೆ ಬರುತ್ತದೆ, ವಾರಸುದಾರರು ಖಾತ್ರಿಯಾಗದ ಮಕ್ಕಳನ್ನು ಅದರಲ್ಲಿ ಕಳಿಸಬೇಕು, ನಾಳೆ ಕಾಗದ ಪತ್ರ ತಂದು ಬಿಡಿಸಿಕೊಳ್ಳಿ ಅಂದ. ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತಾಗಿತ್ತು. ಒಂದು ರಾತ್ರಿ, ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಮಕ್ಕಳ ನಡುವೆ, ದಿನಾ ಹೊದ್ದು ಮಲಗುವ ತಾತನ ಹೊದಿಕೆ ಇಲ್ಲದೆ.

"ಗುರುತಾದರೂ ಹೇಳಿ," ಅಂದ. "ಮೈಮೇಲೆ ಮಚ್ಚೆ ಎಲ್ಲಿದೆ?"

ಗೊತ್ತಿರಲಿಲ್ಲ.

"ಗದ್ದದ ಕೆಳಗೆ ಗಾಯದ ಕಲೆ ಇದೆ. ಹೇಗಾಯ್ತು?"

ಕಲೆ ಇದ್ದದ್ದೇ ನನಗೆ ಗೊತ್ತಿರಲಿಲ್ಲ.

"ರಾತ್ರಿ ಏನು ಹೇಳಿದ್ರೆ ಮಲಗ್ತಾಳೆ? ಯಾವ ಊಟ ಇಷ್ಟ?"

ತಾತನಿಗೆ ಗೊತ್ತು, ಅವ್ವನಿಗೆ ಗೊತ್ತು. ನನ್ನ ಮೇಲಿನ ಸಿಟ್ಟನ್ನೆಲ್ಲ ಅವನ ಮೇಲೆ ಹಾಕಿದೆ. ಮೇಜಿನ ಮೇಲೆ ಗುದ್ದಿ, "ನನ್ನ ಮಗಳ್ನ ನನಗ ಕೊಡಾಕ ನಿಮಗೇನು ರೋಗ ಬಂದೈತಿ," ಎಂದು ಅರಚಿದೆ. ಕೊಟ್ರಿ ಬೆಚ್ಚಿಬಿದ್ದು ಗೋಡೆಗೆ ಒತ್ತಿಕೊಂಡಳು. ಬನ್ನು ಕೆಳಗೆ ಬಿತ್ತು. ದಫೇದಾರ ಎದ್ದು ನಿಂತು ಅವಳಿಗೂ ನನಗೂ ನಡುವೆ ಬಂದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಬಾಗಿಲಲ್ಲಿ ಹೆಂಗಸೊಬ್ಬರು ಬಂದು ನಿಂತರು. "ವ್ಯಾನು ಬಂದಿದೆ. ಇವತ್ತು ಎಷ್ಟು ಮಕ್ಕಳು?"

"ಒಂದೇ," ಅಂದ ದಫೇದಾರ.

ಆ ಹೆಂಗಸು ಬಂದು ಕೊಟ್ರಿಯ ಕೈ ಹಿಡಿದರು. ನಾನು ಹಿಡಿಯದ ಕೈಯನ್ನು ಎಷ್ಟು ಸಲೀಸಾಗಿ ಹಿಡಿದರು. ಕೊಟ್ರಿ ಅಳಲೂ ಇಲ್ಲ, ಇಳಿದು ಹೆಜ್ಜೆ ಹಾಕಿದಳು. ಬಾಗಿಲ ತನಕ ಹೋಗಿ ತಿರುಗಿ ನನ್ನನ್ನು ನೋಡಿದಳು.

"ಹದಿಮೂರು ಕಿಲೋ," ಎಂದೆ.

"ಏನು?" ಅಂದ ದಫೇದಾರ.

"ನನ್ನ ಮಗಳು ಹದಿಮೂರು ಕಿಲೋ ಅದಾಳ. ಹ್ವಾದ ವಾರ ಸೋಮವಾರ ನಾನೇ ತೂಗೀನಿ. ಯುಗಾದಿಗೆ ಹನ್ನೆರಡೂವರಿ ಇದ್ಲು. ಹ್ವಾದ ದೀಪಾವಳಿಗೆ ಜ್ವರ ಬಂದು ಹನ್ನೊಂದಕ್ಕ ಇಳದಿದ್ಲು. ನನಗ ಬ್ಯಾರೆ ಏನೂ ಗೊತ್ತಿಲ್ರಿ. ಇದೊಂದು ಗೊತ್ತು. ಅಲ್ಲೇ ಯಂತ್ರ ಐತಿ, ನಿಂದ್ರಿಸಿ ನೋಡ್ರಿ. ತಪ್ಪಿದ್ರ ಕರ್ಕೊಂಡು ಹೋಗ್ರಿ." ಯಾರ ಮುಂದೆಯೂ ಅತ್ತವನಲ್ಲ ನಾನು. ಅಲ್ಲಿ ಅಳುತ್ತಿದ್ದೆ.

"ಎರಡು ನಿಮಿಷ ತಾಯಿ," ಎಂದು ದಫೇದಾರ ಆ ಹೆಂಗಸಿಗೆ ಹೇಳಿ ಟೋಪಿ ಹಾಕಿಕೊಂಡ.

ಯಂತ್ರದ ಹತ್ತಿರ ಬಂದೆವು. ಕಾಸು ಹಾಕಿದವನು ನಾನು. ಅವಳನ್ನು ಎತ್ತಿ ನಿಲ್ಲಿಸಿದವನು ದಫೇದಾರ. ನಾನು ದೂರ ನಿಂತಿರಬೇಕು ಎಂದು ಹೇಳಿದ್ದ. ಕೊಟ್ರಿ ಹಲಗೆಯ ಮೇಲೆ ನಿಂತ ಕೂಡಲೇ ಕೈಗಳನ್ನು ತೊಡೆಗೆ ಒತ್ತಿಕೊಂಡಳು, ಕಣ್ಣು ಮುಚ್ಚಿದಳು, ಉಸಿರು ಬಿಗಿಹಿಡಿದಳು. ಚಕ್ರ ತಿರುಗಿತು. ಚೀಟಿ ಟಪ್ಪೆಂದು ಬಿತ್ತು.

ದಫೇದಾರ ಓದಿದ. "ಹದಿಮೂರು." ಆಮೇಲೆ ಚೀಟಿಯನ್ನು ತಿರುವಿ ಮುರುವಿ ನೋಡಿ, "ಶೇಂಗಾ ವ್ಯಾಪಾರ ಅಂದ್ರಲ್ಲ. ಕಣ್ಣಳತೆಯಲ್ಲೇ ತೂಕ ಹೇಳೋರು ನೀವು. ಇದನ್ನ ನಂಬಿ ಮಗು ಕೊಡ್ಲಾ?" ಅಂದ.

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ.

ಕೊಟ್ರಿ ಕಣ್ಣು ತೆರೆದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಸಾವಿರ ಜನ ಓಡಾಡುತ್ತಿದ್ದರು, ಅದರಲ್ಲಿ ಒಂದು ಮುಖವನ್ನು ಹುಡುಕಿದಳು. ಆಮೇಲೆ ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು.

"ಅಪ್ಪಾ, ತಾತ ಹೋಗ್ಯಾನೇನು?"

"ಹೋಗ್ಯಾನ," ಎಂದೆ. "ಹೋಗ್ಯಾನ, ಬಾ."

ಎರಡೂ ಕೈ ಮೇಲೆತ್ತಿ ನನ್ನ ಕಡೆ ಚಾಚಿದಳು. ದಫೇದಾರ ಹಿಂದಕ್ಕೆ ಸರಿದು ದಾರಿ ಬಿಟ್ಟ. ಎತ್ತಿಕೊಂಡೆ. ಅವಳು ನನ್ನ ಕೊರಳಲ್ಲಿ ಮುಖ ಹುದುಗಿಸಿ ಆಗ ಅಳತೊಡಗಿದಳು, ಅಷ್ಟು ಹೊತ್ತು ತಡೆದದ್ದನ್ನೆಲ್ಲ. "ಎಷ್ಟು ಚೀಲ ಆದೆ?" ಎಂದು ಬಿಕ್ಕುತ್ತಲೇ ಕೇಳಿದಳು.

ದಫೇದಾರ ಚೀಟಿಯನ್ನು ನನ್ನ ಜೇಬಿಗೆ ತುರುಕಿದ. "ಒಂದು ಸಹಿ ಹಾಕಿ ಹೋಗಿ. ಮಗು ಹತ್ರ ಸ್ವಲ್ಪ ಮಾತಾಡ್ತಾ ಇರಿ ಯಜಮಾನ್ರೇ," ಅಂದ. ನನಗೆ ಸಿಟ್ಟು ಬರಲಿಲ್ಲ.

ಗಡಿಯಾರದ ಕೆಳಗೆ ಹೋಗಿ ನಿಂತೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಅಪ್ಪ ಕಂಡ. ಬರಿತಲೆಯಲ್ಲಿದ್ದ. ಬೆಳ್ಳಗಿನ ಕೂದಲು ಬೆವರಿಗೆ ಹಣೆಗಂಟಿತ್ತು. ರುಮಾಲಿನ ಒಂದು ತುದಿಯನ್ನು ಹಾಲಮ್ಮನ ಮುಂಗೈಗೆ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಕಟ್ಟಿಕೊಂಡಿದ್ದ. ಜನ ನೋಡುತ್ತಿದ್ದರು, ಅವನಿಗೆ ಪರಿವೆ ಇರಲಿಲ್ಲ.

ಹತ್ತು ಹೆಜ್ಜೆ ದೂರದಲ್ಲಿ ನಮ್ಮನ್ನು ಕಂಡು ನಿಂತುಬಿಟ್ಟ. ಅವನ ಕಣ್ಣು ಕೊಟ್ರಿಯ ಮೇಲಿತ್ತು. ಆಮೇಲೆ ನನ್ನ ಕೈಗಳ ಮೇಲೆ ಬಂತು. ನಾಚಿಕೆಗೇಡು ಅನ್ನಿ, ಅಷ್ಟೆಲ್ಲ ಆದ ಮೇಲೂ ನನ್ನ ತೋಳು ತಾನೇ ಸಡಿಲವಾಯಿತು. ಕೊಟ್ರಿಯೂ ತಾತನನ್ನು ನೋಡಿ ಕೆಳಗೆ ಜಾರತೊಡಗಿದಳು.

"ಇಳಿಸಬ್ಯಾಡ," ಅಂದ ಅಪ್ಪ.

ನಾನು ಹಾಗೆಯೇ ನಿಂತೆ.

"ನನಗೂ ಅನಸ್ತಿತ್ತೋ, ನಿನ್ನ ಎತ್ಕೋಬೇಕಂತ," ಅಂದ. "ನಮ್ಮಪ್ಪ ಇದ್ದ." ಆಮೇಲೆ ಹೇಳಿದ, "ಗಾಡಿ ಬಂದೈತಿ. ನಾ ಮುಂದ ನಡಿತೀನಿ. ಹಿಂದ ತಿರುಗಿ ನೋಡಾಂಗಿಲ್ಲ. ನೀ ಎತ್ಕೊಂಡು ಬಾ."

ಹೇಳಿದಂತೆಯೇ ಬೆನ್ನು ತಿರುಗಿಸಿ ಹಾಲಮ್ಮನನ್ನು ಕರೆದುಕೊಂಡು ನಡೆದ. ಆ ಜನಜಂಗುಳಿಯಲ್ಲಿ ಪ್ಲಾಟ್‌ಫಾರ್ಮಿನ ತನಕ ಒಮ್ಮೆಯೂ ತಿರುಗಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಮುಂದೆ ನೋಡಿಕೊಂಡೇ ಕೇಳುತ್ತಿದ್ದ.

"ಅದಾಳೇನು?"

"ಅದಾಳ."

ಕೊಟ್ರಿ ನನ್ನ ಕಿವಿಗೆ ಬಾಯಿ ಹಚ್ಚಿದಳು. "ಅಪ್ಪಾ, ಇಳಿಸು. ತಾತ ಇಲ್ಲೇ ಅದಾನ."

"ಇರ್ಲಿ ಬಿಡವ್ವ," ಎಂದೆ. "ಇವತ್ತು ಸೋಮವಾರ."

ಅಂದು ಗುರುವಾರ. ಅವಳಿಗಿನ್ನೂ ವಾರಗಳು ಗೊತ್ತಿರಲಿಲ್ಲ. ಎರಡೂ ಕೈಯಿಂದ ನನ್ನ ಕೊರಳನ್ನು ಗಟ್ಟಿಯಾಗಿ ತಬ್ಬಿಕೊಂಡಳು.